ಕೆಂಪು ಹಚ್ಚಿದ ಸಾಲುಗಳು

ಏಪ್ರಿಲ್ ತಿಂಗಳ ಒಂದು ರಾತ್ರಿ ಹತ್ತೂವರೆ ಹೊತ್ತಿಗೆ ನನ್ನ ಫೋನಿಗೆ ಒಂದು ಎಕ್ಸೆಲ್ ಶೀಟ್ ಬಂದು ಬಿತ್ತು. ಕಳಿಸಿದವಳು ಸಕಲೇಶಪುರದ ಕಡೆಯ ಹುಡುಗಿ. ಬೆಂಗಳೂರಿನಲ್ಲಿ ಬಿ.ಎ. ಓದುವಾಗ ನನ್ನ ಅರ್ಥಶಾಸ್ತ್ರದ ತರಗತಿಯಲ್ಲಿ ಕೂತವಳು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿದೆ. ‘ಇಂಟರ್‌ನ್ಯಾಷನಲ್ ಎಕನಾಮಿಕ್ಸ್ ಅಂಡ್ ಫೈನಾನ್ಸ್’ ಎಂಬ ಎರಡು ವರ್ಷದ ಮಾಸ್ಟರ್ಸ್. ಶೀಟಿನಲ್ಲಿ ನಾಲ್ಕು ಸೆಮಿಸ್ಟರು, ಹದಿನಾರು ಕೋರ್ಸುಗಳ ಜಾಗ, ಆ ಜಾಗಗಳಿಗೆ ಪೈಪೋಟಿ ನಡೆಸುವ ಇಪ್ಪತ್ತೈದು ಹೆಸರುಗಳು. ಪ್ರತಿ ಸಾಲಿಗೂ ಬಣ್ಣ. ಹಸಿರು ಎಂದರೆ ಕೆಲಸ ಕೊಡಿಸುವಂಥದ್ದು. ಹಳದಿ ಎಂದರೆ ಕಡ್ಡಾಯ, ವಿಧಿಯಿಲ್ಲ. ಕೆಂಪು ಎಂದರೆ ಬೇಡ. ಕೆಳಗೆ ಒಂದೇ ಪ್ರಶ್ನೆ: "ಸರ್, ಓಕೆ ಅಲ್ವಾ?"

ಓಕೆ ಅಲ್ಲ ಅಂತ ಆ ರಾತ್ರಿಯೇ ಬರೆದೆ. ಯಾಕೆ ಅಲ್ಲ ಎಂದು ಫೋನಿನಲ್ಲಿ ಟೈಪ್ ಮಾಡಲು ಆಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಂಪು ಹಚ್ಚಿಸಿಕೊಂಡವು ಮೂರು. ಅಂತರರಾಷ್ಟ್ರೀಯ ಹಣಕಾಸು ವ್ಯವಸ್ಥೆಯ ಇತಿಹಾಸ. ದೇಶಗಳ ಸಾಲ ಮತ್ತು ಸಾಲದ ಬಿಕ್ಕಟ್ಟುಗಳು. ವ್ಯಾಪಾರದ ರಾಜಕೀಯ ಅರ್ಥಶಾಸ್ತ್ರ. ಹಸಿರಿನಲ್ಲಿ ಡೆರಿವೇಟಿವ್ಸ್ ಒಂದು, ಡೆರಿವೇಟಿವ್ಸ್ ಎರಡು, ಬಾಂಡುಗಳ ಕೋರ್ಸು, ಪೋರ್ಟ್‌ಫೋಲಿಯೊ, ಪೈಥಾನ್, ಮಷೀನ್ ಲರ್ನಿಂಗ್. ಬಣ್ಣ ಹಚ್ಚಿದವರು ಯಾರು ಎಂದು ಆಮೇಲೆ ಕೇಳಿದೆ. ಅವಳಲ್ಲವಂತೆ. ವಿದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಯವರು ಎಲ್ಲರಿಗೂ ಕೊಡುವ ಶೀಟ್ ಅದು, ಹೆಸರು ಮಾತ್ರ ಬದಲಾಗುತ್ತದೆ. ಅಂದರೆ ಹಾಸನದ ಹುಡುಗಿಗೂ ಹೈದರಾಬಾದಿನ ಹುಡುಗನಿಗೂ ಬೇಡವಾದದ್ದು ಒಂದೇ. ಸಾಹಿತ್ಯದ ಪತ್ರಿಕೆಯಲ್ಲಿ ಈ ಹಣದ ಮಾತು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಏನು ಓದಬೇಕು ಎನ್ನುವ ಜಗಳ ನಮಗೆಲ್ಲ ಗೊತ್ತು. ಏನು ಓದಬಾರದು ಎಂದು ಒಬ್ಬ ಏಜೆಂಟ್ ಸದ್ದಿಲ್ಲದೆ ತೀರ್ಮಾನಿಸುವಾಗ ಮಾತ್ರ ಯಾರೂ ಜಗಳ ಆಡುವುದಿಲ್ಲ.

ಈ ಪದವಿಯ ಹೆಸರಿನಲ್ಲೇ ಎರಡು ಮನೆಗಳಿವೆ. ಒಂದು ದೇಶಗಳ ಮನೆ: ಯಾರು ಯಾರಿಗೆ ಏನು ಮಾರುತ್ತಾರೆ, ಯಾರ ಕೈಯಲ್ಲಿ ಎಷ್ಟು ವಿದೇಶಿ ವಿನಿಮಯ ಇದೆ, ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದರೆ ರೂಪಾಯಿ ಏನಾಗುತ್ತದೆ. ಇನ್ನೊಂದು ಮಾರುಕಟ್ಟೆಯ ಮನೆ: ಒಂದು ಬಾಂಡಿನ, ಷೇರಿನ, ಒಪ್ಪಂದದ ಇವತ್ತಿನ ಬೆಲೆ ಎಷ್ಟು. ಮೊದಲ ವರ್ಷದ ಕಡ್ಡಾಯ ಕೋರ್ಸುಗಳು ಎರಡೂ ಮನೆಯ ಬಾಗಿಲು ತೋರಿಸುತ್ತವೆ. ಮೈಕ್ರೋ, ಮ್ಯಾಕ್ರೋ, ಎಕನಾಮೆಟ್ರಿಕ್ಸ್, ವ್ಯಾಪಾರ ಸಿದ್ಧಾಂತ, ಕಾರ್ಪೊರೇಟ್ ಫೈನಾನ್ಸ್, ಎಲ್ಲ ಕಡೆ ಹೆಚ್ಚು ಕಡಿಮೆ ಇವೇ. ಒಳಗೆ ಹೋಗುವುದು ಎರಡನೇ ವರ್ಷದ ಐಚ್ಛಿಕಗಳಲ್ಲಿ. ಎರಡು ಮನೆಯ ನಡುವಿನ ಹಿತ್ತಲ ಬಾಗಿಲು ಇರುವುದೂ ಅಲ್ಲೇ, ಆ ಕೆಂಪು ಸಾಲುಗಳಲ್ಲಿ. ಅವುಗಳನ್ನು ಬಿಟ್ಟವನು ಎರಡನೇ ಮನೆಯೊಳಗೆ ಕೂತು ಮೊದಲನೆಯದರ ಹೆಸರನ್ನು ಸರ್ಟಿಫಿಕೇಟಿನಲ್ಲಿ ಬರೆಸಿಕೊಂಡು ಬರುತ್ತಾನೆ. ನಾನು ಹಾಗೇ ಬಂದವನು.

ಹಸಿರು ಇಷ್ಟು ಹಸಿರಾಗಲು ಒಂದು ಸರಕಾರಿ ಕಾರಣವೂ ಇದೆ, ಅದನ್ನು ಹೇಳದೆ ಮಕ್ಕಳನ್ನು ಬಯ್ಯುವುದು ಅನ್ಯಾಯ. ಅಮೆರಿಕದಲ್ಲಿ ಎಫ್-1 ವೀಸಾದಲ್ಲಿ ಓದಿದವರಿಗೆ ಪದವಿ ಮುಗಿದ ಮೇಲೆ ಹನ್ನೆರಡು ತಿಂಗಳು ಕೆಲಸ ಮಾಡುವ ಅವಕಾಶ ಇರುತ್ತದೆ. ಪದವಿ ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ ಅದರ ಮೇಲೆ ಇನ್ನೂ ಇಪ್ಪತ್ತನಾಲ್ಕು ತಿಂಗಳು. ಅಲ್ಲಿ ಪ್ರತಿ ಪದವಿಗೂ ಒಂದು ಆರಂಕಿಯ ಸಂಖ್ಯೆ ಇದೆ. ಸಾದಾ ಅರ್ಥಶಾಸ್ತ್ರಕ್ಕೆ 45.0601. ಅದು ಆ ಪಟ್ಟಿಯಲ್ಲಿಲ್ಲ. ‘ಎಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್’ ಎಂಬುದಕ್ಕೆ 45.0603. ಅದು ಇದೆ. ಕಳೆದ ಕೆಲವು ವರ್ಷಗಳಲ್ಲಿ ಎಷ್ಟೋ ವಿಭಾಗಗಳು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿದವು. ಹೊರದೇಶದ ವಿದ್ಯಾರ್ಥಿಗಳು ತರುವ ಫೀಸು ಎಷ್ಟು ಮುಖ್ಯ ಎಂಬುದು ಅವರಿಗೂ ಗೊತ್ತು. ಕೊನೆಯ ಅಂಕಿ ಒಂದು ಇದ್ದದ್ದು ಮೂರಾಯಿತು, ಅಷ್ಟೇ. ಆದರೆ ಸಂಖ್ಯೆ ಬದಲಾದ ಮೇಲೆ ಕೋರ್ಸುಗಳ ಪಟ್ಟಿಯೂ ಆ ಹೆಸರಿಗೆ ತಕ್ಕ ಹಾಗೆ ಕಾಣಬೇಕಲ್ಲ. ಇತಿಹಾಸ ಕಡ್ಡಾಯದಿಂದ ಐಚ್ಛಿಕವಾಗುತ್ತದೆ, ಐಚ್ಛಿಕದಿಂದ ಎರಡು ವರ್ಷಕ್ಕೊಮ್ಮೆ ಆಗುತ್ತದೆ, ಮೇಷ್ಟ್ರು ನಿವೃತ್ತರಾದರೆ ಅಲ್ಲಿಗೆ ಮುಗಿಯಿತು. ಹುಡುಗಿ ಮೂರು ವರ್ಷ ಕೆಲಸ ಮಾಡುವ ಅವಕಾಶಕ್ಕಾಗಿ ಆ ಸಂಖ್ಯೆ ಇರುವ ವಿಭಾಗವನ್ನೇ ಆರಿಸಿಕೊಂಡದ್ದು ತಪ್ಪಲ್ಲ. ನಾನಾದರೂ ಅದನ್ನೇ ಹೇಳುತ್ತಿದ್ದೆ. ಅಪಾಯ ಇರುವುದು ಅದರಾಚೆಗೆ. ಪದವಿಯ ಸಂಖ್ಯೆ ಒಮ್ಮೆ ಸಿಕ್ಕಿದ ಮೇಲೆ ಒಳಗಿನ ಐಚ್ಛಿಕಗಳಿಗೂ ಅದೇ ಕನ್ನಡಕ ಹಾಕಿ ನೋಡಬೇಕೆಂದು ವೀಸಾ ಕೇಳುವುದಿಲ್ಲ. ಕೇಳುವವರು ನಾವೇ.

ಇನ್ನು ನನ್ನ ಕಥೆ. 2007ರಲ್ಲಿ ನಾನೂ ಇಂಥದೇ ಪದವಿಗೆ ಹೋದೆ. ಮೂಡಿಗೆರೆ ಕಡೆಯವನು. ಅಪ್ಪನಿಗೆ ಹನ್ನೊಂದು ಎಕರೆ ತೋಟ, ಬಹುಪಾಲು ರೊಬಸ್ಟಾ, ನೆರಳಿಗೆ ಸಿಲ್ವರ್ ಮರ, ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ. ತೋಟವನ್ನೇ ಆಧಾರ ಇಟ್ಟು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ತೆಗೆದೆವು. ಸಾಲ ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ. ಲೆಕ್ಕ ಹಾಕುವಾಗ ಡಾಲರಿಗೆ ನಲವತ್ತೊಂದು ರೂಪಾಯಿ ಇತ್ತು. ಅದಕ್ಕಿಂತ ಮೇಲೆ ಹೋಗಬಹುದು ಎಂದು ಮ್ಯಾನೇಜರರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆ ಹೊತ್ತಿಗೆ ರೂಪಾಯಿ ಬಲಗೊಳ್ಳುತ್ತಿತ್ತು, ನಲವತ್ತರ ಕೆಳಗೆ ಇಳಿಯಿತು ಕೂಡ. ಪತ್ರಿಕೆಗಳಲ್ಲಿ ಅದನ್ನು ಓದಿ ಅಪ್ಪ ಖುಷಿಪಟ್ಟರು.

ಎರಡನೇ ವರ್ಷದ ಕೋರ್ಸು ಆರಿಸುವಾಗ ನನ್ನ ಮುಂದೆ ಎರಡು ಆಯ್ಕೆ ಇತ್ತು. ಹಣಕಾಸು ವ್ಯವಸ್ಥೆಯ ಇತಿಹಾಸ ಅಥವಾ ಆಪ್ಷನ್ಸ್ ಅಂಡ್ ಫ್ಯೂಚರ್ಸ್ ಭಾಗ ಎರಡು. ಯೋಚನೆಯನ್ನೇ ಮಾಡದೆ ಎರಡನೆಯದನ್ನು ತೆಗೆದುಕೊಂಡೆ. ಅಲ್ಲಿ ವಿದೇಶಿ ಕರೆನ್ಸಿಯ ಆಪ್ಷನ್ನಿಗೆ ಬೆಲೆ ಕಟ್ಟುವ ಗಾರ್ಮನ್-ಕೋಲ್‌ಹೇಗನ್ ಸೂತ್ರ ಕಲಿಸಿದರು. ಡಾಲರು-ಯೆನ್ ಆಪ್ಷನ್ನಿನ ಬೆಲೆಯನ್ನು ದಶಾಂಶದ ಮುಂದೆ ನಾಲ್ಕು ಸ್ಥಾನದವರೆಗೆ ಹೇಳಬಲ್ಲವನಾದೆ. ಅದು 2008ರ ಸೆಪ್ಟೆಂಬರು. ಹದಿನೈದನೇ ತಾರೀಕು ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅಕ್ಟೋಬರಿನ ಹೊತ್ತಿಗೆ ರೂಪಾಯಿ ನಲವತ್ತೊಂಬತ್ತರ ಆಸುಪಾಸಿಗೆ ಬಂತು.

ಜನವರಿಯಲ್ಲಿ ಕೊನೆಯ ಸೆಮಿಸ್ಟರಿನ ಫೀಸು ಕಟ್ಟಬೇಕು, ಹದಿನೈದು ಸಾವಿರ ಡಾಲರು. ಸಾಲ ಮಂಜೂರಾದ ಲೆಕ್ಕದಲ್ಲಿ ಅದಕ್ಕೆ ಆರು ಲಕ್ಷದ ಹದಿನೈದು ಸಾವಿರ ರೂಪಾಯಿ. ಜನವರಿಯ ಲೆಕ್ಕದಲ್ಲಿ ಏಳು ಲಕ್ಷದ ಮೂವತ್ತೈದು ಸಾವಿರ. ಅಪ್ಪನಿಗೆ ಫೋನು ಮಾಡಿ ಒಂದು ಲಕ್ಷದ ಇಪ್ಪತ್ತು ಸಾವಿರ ಸಾಲದು ಎಂದೆ. ಅವರು ಒಂದು ಮಾತು ಹೇಳಿದರು, ಈಗಲೂ ನೆನಪಿದೆ: "ಡಾಲರು ಏರಿದ್ರೆ ಕಾಫಿಗೂ ಏರಬೇಕಲ್ಲ ಮಾರಾಯ, ಯಾಕೆ ಏರ್ಲಿಲ್ಲ?"

ಆ ಪ್ರಶ್ನೆಯ ಮೊದಲರ್ಧ ಅರ್ಥಶಾಸ್ತ್ರದ ಶುದ್ಧ ಪಾಠ. ರೊಬಸ್ಟಾ ದರ ನಿಗದಿಯಾಗುವುದು ಲಂಡನ್ನಿನ ಫ್ಯೂಚರ್ಸ್ ಮಾರುಕಟ್ಟೆಯಲ್ಲಿ, ಟನ್ನಿಗೆ ಇಷ್ಟು ಡಾಲರು ಎಂದು. ಹಾಗಾಗಿ ಕಾಫಿ ಬೆಳೆಗಾರನ ಆದಾಯ ಒಂದು ಬಗೆಯಲ್ಲಿ ಡಾಲರ್ ಆದಾಯವೇ. ರೂಪಾಯಿ ಕುಸಿದರೆ ಫೀಸು ಹೆಚ್ಚುತ್ತದೆ, ಆದರೆ ಕಾಫಿಯ ರೂಪಾಯಿ ಬೆಲೆಯೂ ಹೆಚ್ಚುತ್ತದೆ, ಒಂದಕ್ಕೊಂದು ಸರಿದೂಗುತ್ತದೆ. ನಮ್ಮ ಪಠ್ಯಪುಸ್ತಕ ಅದನ್ನು ನೈಸರ್ಗಿಕ ರಕ್ಷಣೆ ಎನ್ನುತ್ತದೆ. ಪಿಯುಸಿ ಓದಿದ ಅಪ್ಪನಿಗೆ ಅದು ಪುಸ್ತಕವಿಲ್ಲದೆ ಗೊತ್ತಿತ್ತು. ಎರಡನೇ ಅರ್ಧಕ್ಕೆ, ಯಾಕೆ ಏರಲಿಲ್ಲ ಎಂಬುದಕ್ಕೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರ್ಷದ ಕೊನೆಯಲ್ಲಿ ಲಂಡನ್ನಿನ ದರವೂ ಕುಸಿದಿತ್ತು ಎಂಬುದು ಗೊತ್ತಿತ್ತು. ಎರಡೂ ಒಟ್ಟಿಗೆ ಯಾಕೆ ಕೆಟ್ಟವು ಎಂಬುದು ಗೊತ್ತಿರಲಿಲ್ಲ. ನನ್ನ ಸೂತ್ರದಲ್ಲಿ ಆ ಎರಡರ ಏರಿಳಿತಕ್ಕೆ ಹಿಂದಿನ ಮೂರು ವರ್ಷದ ಅಂಕಿ ಅಂಶದಿಂದ ತೆಗೆದ ಒಂದು ಸಂಬಂಧ ಇತ್ತು. ಹಿಂದಿನ ಮೂರು ವರ್ಷ ಎಲ್ಲವೂ ಚೆನ್ನಾಗಿತ್ತು.

ಅಪ್ಪ ಮೂವತ್ತೆರಡು ಸಿಲ್ವರ್ ಮರ ಕಡಿಸಿ ಮಾರಿದರು. ಮರದ ಜೊತೆ ಬಳ್ಳಿಯೂ ಹೋಯಿತು. ತೋಟದ ಕೆಳಗಿನ ಭಾಗದ ಆ ಬಿಸಿಲು ಬಿದ್ದ ಜಾಗ ತುಂಬ ವರ್ಷ ಹಾಗೇ ಇತ್ತು. ಹೊಸ ಗಿಡ ನೆಟ್ಟು, ಅದು ಬಳ್ಳಿ ಹೊರುವಷ್ಟು ಬೆಳೆದು, ಬಳ್ಳಿ ಫಲ ಕೊಡುವ ಹೊತ್ತಿಗೆ ನಾನು ಸಾಲ ತೀರಿಸಿ ಮುಗಿಸಿದ್ದೆ. ಮನೆಯಲ್ಲಿ ಯಾರೂ ಇದರ ಬಗ್ಗೆ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಉತ್ತರ ಸಿಕ್ಕಿದ್ದು ನಾನು ಬಿಟ್ಟ ಕೋರ್ಸಿನಲ್ಲಿ. ಆ ಇತಿಹಾಸದ ತರಗತಿಗೆ ಒಂಬತ್ತು ಮಂದಿ ಮಾತ್ರ ಸೇರಿದ್ದರು. ಅಕ್ಟೋಬರಿನ ಒಂದು ಮಧ್ಯಾಹ್ನ ನಾವು ನಾಲ್ಕೈದು ಜನ, ಸೇರದವರು, ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತೆವು. ಮೇಷ್ಟ್ರು ಏನೂ ಕೇಳಲಿಲ್ಲ. ಅವತ್ತಿನ ಪಾಠ ಬೇಸಿಗೆಯಲ್ಲೇ ಗೊತ್ತು ಮಾಡಿದ್ದ 1931. ಮೇ ತಿಂಗಳಲ್ಲಿ ವಿಯೆನ್ನಾದ ಕ್ರೆಡಿಟ್‌ಆನ್‌ಸ್ಟಾಲ್ಟ್ ಎಂಬ ಬ್ಯಾಂಕು ಮುಳುಗಿತು, ಅಲ್ಲಿಂದ ಜರ್ಮನಿ, ಅಲ್ಲಿಂದ ಲಂಡನ್, ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನಕವನ್ನೇ ಬಿಟ್ಟಿತು. ಹೆದರಿದವನು ಒಳ್ಳೆಯದು ಕೆಟ್ಟದ್ದು ಎಂದು ಆರಿಸಿ ಮಾರುವುದಿಲ್ಲ, ಮಾರಲು ಆಗುವುದನ್ನೆಲ್ಲ ಮಾರುತ್ತಾನೆ ಎಂದು ಅವರು ವಿವರಿಸಿದರು. ಹಾಗಾಗಿ ಒಂದಕ್ಕೊಂದು ಸಂಬಂಧವೇ ಇಲ್ಲದ ವಸ್ತುಗಳು ಒಟ್ಟಿಗೆ ಬೀಳುತ್ತವೆ. ಎಲ್ಲರೂ ಓಡಿಹೋಗಿ ಕೂರುವ ಕರೆನ್ಸಿ ಒಂದೇ ಏರುತ್ತದೆ. 1931ರಲ್ಲಿ ಅದು ಬೇರೆ ಬೇರೆ ಆಯಿತು, 2008ರಲ್ಲಿ ಡಾಲರು. ಭಾರತದ ಷೇರು ಮಾರಿದವನೂ ಲಂಡನ್ನಿನಲ್ಲಿ ಕಾಫಿ ಫ್ಯೂಚರ್ಸ್ ಮಾರಿದವನೂ ಒಬ್ಬನೇ ಇರಬಹುದು. ಅಪ್ಪನ ಪ್ರಶ್ನೆಗೆ ಉತ್ತರ ಅದು. ಸೂತ್ರ ಸುಳ್ಳಾಗಿರಲಿಲ್ಲ, ಅದು ನಂಬಿದ್ದ ಕಾಲ ಮುಗಿದಿತ್ತು.

ಅವತ್ತು ಆ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಬ್ರಿಟನ್ ಚಿನ್ನ ಬಿಟ್ಟ ಮೇಲೆ, ಬೆಳೆಯ ಬೆಲೆ ನೆಲಕಚ್ಚಿ ಕಂಗಾಲಾಗಿದ್ದ ಭಾರತದ ರೈತರು ಮೈಮೇಲಿನ ಒಡವೆ ಮಾರಿದರು, ಆ ಚಿನ್ನ ಹಡಗು ಹಡಗಾಗಿ ಲಂಡನ್ನಿಗೆ ಹೋಯಿತು ಎಂದರು. ಭಾರತದಿಂದ ಹೋದ ನನಗೆ ಅದು ಹೊಸ ಸುದ್ದಿ. ಬಿ.ಎ.ಯಲ್ಲಿ ಯಾರೂ ಹೇಳಿರಲಿಲ್ಲ. ತಲೆ ತಗ್ಗಿಸಿ ನಿಂತಿದ್ದೆ.

1998ರಲ್ಲೇ ಇದರ ಸಣ್ಣ ರಿಹರ್ಸಲ್ ಆಗಿತ್ತು ಎಂಬುದನ್ನೂ ನಾನು ಆಮೇಲೆ ಓದಿದೆ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಫಂಡು. ಅದರ ಪಾಲುದಾರರಲ್ಲಿ ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ಇದ್ದರು, ನಮ್ಮ ಆಪ್ಷನ್ಸ್ ಕೋರ್ಸಿನ ಸೂತ್ರಗಳ ಮೂಲಪುರುಷರು, 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಮರುವರ್ಷ ಆಗಸ್ಟಿನಲ್ಲಿ ರಷ್ಯಾ ತನ್ನ ಸಾಲ ತೀರಿಸುವುದಿಲ್ಲ ಎಂದಿತು. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಹಂಚಿಟ್ಟಿದ್ದ ಅವರ ಪಣಗಳೆಲ್ಲ ಒಂದೇ ತಿಂಗಳಲ್ಲಿ ಒಟ್ಟಿಗೆ ಬಿದ್ದವು. ಹದಿನಾಲ್ಕು ಬ್ಯಾಂಕುಗಳು ಸೇರಿ ಸುಮಾರು 360 ಕೋಟಿ ಡಾಲರು ಹಾಕಿ ಎತ್ತಬೇಕಾಯಿತು. ನಮ್ಮ ಕೋರ್ಸಿನಲ್ಲಿ ಆ ಇಬ್ಬರ ಸೂತ್ರ ಹನ್ನೆರಡು ವಾರ ಇತ್ತು. ಆ ಫಂಡಿನ ಕಥೆ ಒಂದು ನಿಮಿಷವೂ ಇರಲಿಲ್ಲ. ಅದು ‘ದೇಶಗಳ ಸಾಲ’ ಎಂಬ ಕೋರ್ಸಿನ ವಿಷಯವಂತೆ.

ಈಗ ಸಕಲೇಶಪುರದ ಹುಡುಗಿಯ ಕಡೆ ಬರೋಣ. ಶೀಟ್ ಕಳಿಸಿದ ಮರುದಿನ ಅವಳು ಮಾತಿನ ಮಧ್ಯೆ ಅಂದಳು: "ಲೋನ್ ಎರಡು ಆಫರ್ ಇದೆ ಸರ್. ಒಂದು ಇಲ್ಲಿನ ಬ್ಯಾಂಕಿಂದು, ತೋಟ ಅಡ ಇಡಬೇಕು. ಇನ್ನೊಂದು ವಿದೇಶದ ಕಂಪನಿಯದ್ದು, ಡಾಲರಲ್ಲೇ ಕೊಡ್ತಾರೆ, ಏನೂ ಅಡ ಬೇಡ. ಅದೇ ಬೆಸ್ಟ್ ಅಂತ ಕನ್ಸಲ್ಟೆನ್ಸಿಯವರು ಹೇಳ್ತಿದಾರೆ."

ಇದು ಸಣ್ಣ ಮಾತಲ್ಲ. ಅಂತರರಾಷ್ಟ್ರೀಯ ಹಣಕಾಸಿನ ಅತಿ ಮುಖ್ಯ ಪ್ರಶ್ನೆಗಳಲ್ಲಿ ಒಂದು ಇದು: ಯಾವ ನಾಣ್ಯದಲ್ಲಿ ಸಾಲ ಮಾಡಬೇಕು? ರೂಪಾಯಿ ಸಾಲದ ಅಪಾಯ ನಾನು ಮೇಲೆ ಹೇಳಿದ್ದು, ಓದುವ ಎರಡು ವರ್ಷದಲ್ಲಿ ಫೀಸು ಉಬ್ಬುತ್ತದೆ. ಅದು ಎರಡು ವರ್ಷಕ್ಕೆ ಮುಗಿಯುತ್ತದೆ. ಡಾಲರು ಸಾಲದ ಅಪಾಯ ಆಮೇಲೆ ಶುರುವಾಗುತ್ತದೆ. ಅಲ್ಲಿ ಕೆಲಸ ಸಿಕ್ಕಿ ಡಾಲರಿನಲ್ಲಿ ಸಂಬಳ ಬಂದರೆ ತೊಂದರೆಯಿಲ್ಲ. ಸಿಗದೆ, ವೀಸಾ ಮುಗಿದು ಊರಿಗೆ ಬಂದರೆ? ರೂಪಾಯಿಯಲ್ಲಿ ದುಡಿದು ಡಾಲರಿನಲ್ಲಿ ತೀರಿಸಬೇಕು. ರೂಪಾಯಿ ಬಿದ್ದಷ್ಟೂ ಸಾಲ ಬೆಳೆಯುತ್ತದೆ, ಅವಳು ಇನ್ನೊಂದು ಪೈಸೆ ಸಾಲ ಮಾಡದಿದ್ದರೂ. ತನ್ನ ನಾಣ್ಯದಲ್ಲಿ ಸಾಲ ಹುಟ್ಟದೆ ಇನ್ನೊಬ್ಬರ ನಾಣ್ಯದಲ್ಲಿ ಸಾಲ ಮಾಡಬೇಕಾದ ದೇಶಗಳ ಈ ಸ್ಥಿತಿಗೆ ಬ್ಯಾರಿ ಐಕನ್‌ಗ್ರೀನ್ ಮತ್ತು ರಿಕಾರ್ಡೊ ಹೌಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1999ರಲ್ಲಿ ಒಂದು ಹೆಸರಿಟ್ಟರು. ಬೈಬಲಿನಿಂದ ತಂದ ಹೆಸರು, ಕನ್ನಡದಲ್ಲಿ ಮೂಲಪಾಪ ಎನ್ನಬಹುದು. 1997ರ ಜುಲೈನಲ್ಲಿ ಥಾಯ್ಲೆಂಡ್ ತನ್ನ ಬಾತ್ ನಾಣ್ಯವನ್ನು ಕೈಬಿಟ್ಟಾಗ ಅಲ್ಲಿನ ಕಂಪನಿಗಳಿಗೆ ಆದದ್ದು ಇದೇ. ಆದಾಯ ಬಾತ್‌ನಲ್ಲಿ, ಸಾಲ ಡಾಲರಿನಲ್ಲಿ.

ಇದೆಲ್ಲ ಯಾವ ಕೋರ್ಸಿನಲ್ಲಿದೆ ಗೊತ್ತೆ? ಅವಳು ಕೆಂಪು ಹಚ್ಚಿದ ಎರಡನೆಯದರಲ್ಲಿ.

ಹೀಗಿದೆ ನೋಡಿ ವಿಚಿತ್ರ. ಸಾಲ ಮಾಡಿ ಓದುವವರು ಸಾಲದ ಪಾಠವನ್ನೇ ಬಿಡುತ್ತಾರೆ. ಸರ್ವಜ್ಞ ಸಾಲದ ಬಗ್ಗೆ ಹೇಳಿದ್ದು ನಮ್ಮಲ್ಲಿ ಶಾಲೆಗೆ ಹೋಗದವರಿಗೂ ಬಾಯಿಪಾಠ. ಐವತ್ತು ಲಕ್ಷ ಕೊಟ್ಟು ಆ ವಿಷಯದಲ್ಲೇ ಸ್ನಾತಕೋತ್ತರ ಪದವಿ ಮಾಡುವವರಿಗೆ ಅದು ‘ಉಪಯೋಗವಿಲ್ಲದ ಐಚ್ಛಿಕ’.

ಇಲ್ಲಿ ಒಂದು ಎದುರುಮಾತು ಬಂದೇ ಬರುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಅದನ್ನು ನೇರವಾಗಿಯೇ ಹೇಳಿದರು: "ಇದು ಹೊಟ್ಟೆ ತುಂಬಿದವರ ಮಾತು. ನಿನಗೆ ಕೆಲಸ ಸಿಕ್ಕಿದ್ದು ಬಾಂಡ್ ಲೆಕ್ಕದಿಂದಲೋ ಇತಿಹಾಸದಿಂದಲೋ?" ಬಾಂಡ್ ಲೆಕ್ಕದಿಂದಲೇ. ಸುಳ್ಳು ಹೇಳುವುದಿಲ್ಲ. 2009ರಲ್ಲಿ ಕೆಲಸವೇ ಇಲ್ಲದ ಕಾಲದಲ್ಲಿ ಒಂದು ಬ್ಯಾಂಕಿನ ರಿಸ್ಕ್ ವಿಭಾಗ ನನ್ನನ್ನು ಕರೆದದ್ದು ಡ್ಯುರೇಷನ್, ಕಾನ್ವೆಕ್ಸಿಟಿ ಎಂಬ ಎರಡು ಪದಗಳನ್ನು ತಡವರಿಸದೆ ವಿವರಿಸಿದ್ದಕ್ಕೆ. ಎಕನಾಮೆಟ್ರಿಕ್ಸ್ ಬಿಡಿ ಎಂದು ಹೇಳುವವನು ನಾನಲ್ಲ, ಅದನ್ನು ಮೊದಲ ಸೆಮಿಸ್ಟರಿನಲ್ಲೇ ತೆಗೆದುಕೊಳ್ಳಿ ಎನ್ನುವವನು. ಡೆರಿವೇಟಿವ್ಸ್ ಒಂದು ಇರಲಿ. ಎರಡು ಯಾಕೆ? ಎರಡನೆಯದರಲ್ಲಿ ಕಲಿಸುವುದು ಆ ಡೆಸ್ಕಿನಲ್ಲೇ ಕೂರುವ ಕೆಲವರಿಗೆ ಬೇಕು, ಅಲ್ಲಿ ಕೂರಿಸುವವರು ಗಣಿತದಲ್ಲಿ ಪಿಎಚ್.ಡಿ. ಮಾಡಿದವರನ್ನು ಹುಡುಕುತ್ತಾರೆ. ಪೈಥಾನ್‌ಗೆ ಸಾವಿರಾರು ಡಾಲರಿನ ಕೋರ್ಸು ಕೊಳ್ಳುವುದನ್ನು ನಾನು ಅರ್ಥ ಮಾಡಿಕೊಳ್ಳಲಾರೆ. ಬೆಂಗಳೂರಿನಲ್ಲಿ ಅದನ್ನು ಪುಕ್ಕಟೆಯಾಗಿ ಕಲಿಯದವರು ಯಾರು ಉಳಿದಿದ್ದಾರೆ?

ಹೊಟ್ಟೆ ತುಂಬಿದವರ ಮಾತು ಎಂಬುದನ್ನಂತೂ ತಲೆಕೆಳಗು ಮಾಡಿ ನೋಡಬೇಕು. ಅಪ್ಪ ಫೀಸು ಪೂರ್ತಿ ಕಟ್ಟಿ ಕಳಿಸಿದವನಿಗೆ ಇದು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ರೂಪಾಯಿ ಐದು ಬಿದ್ದರೆ ಅವನು ಒಂದು ಸಲ ಊರಿಗೆ ಬರುವುದನ್ನು ತಪ್ಪಿಸುತ್ತಾನೆ. ತೋಟ ಅಡವಿಟ್ಟವನಿಗೆ ನಡೆಯುವುದಿಲ್ಲ.

ನಮ್ಮ ಇಲಾಖೆಗಳ ಮೇಲೂ ನನಗೆ ಸಿಟ್ಟಿದೆ. ಅಂತರರಾಷ್ಟ್ರೀಯ ಹಣಕಾಸು ಎಂದರೆ ನ್ಯೂಯಾರ್ಕಿನಲ್ಲಿ ಹುಟ್ಟಿದ ವಿದ್ಯೆ, ನಾವು ಅಲ್ಲಿಗೆ ಹೋಗಿ ತರಬೇಕು ಎಂಬ ಭಾವನೆಯನ್ನು ಬಿ.ಎ. ಮೊದಲ ವರ್ಷದಿಂದ ತುಂಬುವವರು ನಾವೇ. ಕೇನ್ಸ್ ಪ್ರಕಟಿಸಿದ ಮೊದಲ ಪುಸ್ತಕ ಯಾವುದು ಎಂದು ಪ್ರತಿ ವರ್ಷ ತರಗತಿಯಲ್ಲಿ ಕೇಳುತ್ತೇನೆ. ಸರಿಯಾದ ಉತ್ತರ ಅಪರೂಪ. ಅದು 1913ರ ‘ಇಂಡಿಯನ್ ಕರೆನ್ಸಿ ಅಂಡ್ ಫೈನಾನ್ಸ್’. ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ ಬಂದ ಯುವಕ ನಮ್ಮ ರೂಪಾಯಿಯನ್ನು ಇಟ್ಟುಕೊಂಡು ತನ್ನ ವಿದ್ಯೆ ಶುರು ಮಾಡಿದ. ಭಾರತದಲ್ಲಿ ಓಡಾಡುವುದು ಬೆಳ್ಳಿ ರೂಪಾಯಿ, ಅದರ ಬೆಲೆ ಗೊತ್ತು ಮಾಡುವುದು ಲಂಡನ್ನಿನಲ್ಲಿ, ಚಿನ್ನದ ಪೌಂಡಿನ ಲೆಕ್ಕದಲ್ಲಿ, ಆ ಬೆಲೆಯನ್ನು ಹಿಡಿದು ನಿಲ್ಲಿಸುವುದು ಅಧಿಕಾರಿಗಳು. ಚಿನ್ನ-ವಿನಿಮಯ ಮಾನಕ ಎಂಬ ಈ ಏರ್ಪಾಡನ್ನು ಕೇನ್ಸ್ ಮೆಚ್ಚಿ ಬರೆದರು. ಹತ್ತು ವರ್ಷದ ಮೇಲೆ, 1923ರಲ್ಲಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಇನ್ನೊಬ್ಬ ತರುಣ ಅದನ್ನು ಎದುರಿಸಿ ಒಂದು ಪುಸ್ತಕ ಬರೆದ: ‘ದಿ ಪ್ರಾಬ್ಲಂ ಆಫ್ ದಿ ರುಪೀ’. ಬರೆದವರು ಬಿ.ಆರ್. ಅಂಬೇಡ್ಕರ್. ಎಷ್ಟು ನಾಣ್ಯ ಹೊರಡಿಸಬೇಕು ಎಂಬುದನ್ನು ಅಧಿಕಾರಿಗಳ ಮರ್ಜಿಗೆ ಬಿಟ್ಟರೆ ಅವರು ಹೆಚ್ಚಿಗೆ ಹೊರಡಿಸುತ್ತಾರೆ, ಬೆಲೆ ಏರುತ್ತದೆ, ಬಡವನ ಕೈಯ ರೂಪಾಯಿ ಸವೆಯುತ್ತದೆ ಎಂಬುದು ಅವರ ವಾದದ ಎಳೆ. ರೂಪಾಯಿ ಅಗ್ಗವಾದರೆ ರಫ್ತು ವ್ಯಾಪಾರಿಗೆ ಲಾಭ, ಕೂಲಿಯವನಿಗೆ ಏನು ಎಂದು ಅವರು ಕೇಳಿದರು. 1925ರಲ್ಲಿ ಬಂದ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಹೋಗಿ ಸಾಕ್ಷ್ಯ ಹೇಳಿದರು.

ಯಾರು ಸರಿ ಎಂಬುದನ್ನು ಇವತ್ತೂ ವಾದಿಸಬಹುದು, ನನಗೆ ಅಂಬೇಡ್ಕರರ ಪರಿಹಾರ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವರ ಪ್ರಶ್ನೆ ನನ್ನ ಹದಿನಾರು ಕೋರ್ಸುಗಳಲ್ಲಿ ಒಂದರಲ್ಲೂ ಬರಲಿಲ್ಲ. ವಿನಿಮಯ ದರ ಎಂಬುದು ನಮಗೆ ಒಂದು ಚಲನಾಂಕ, ಅದಕ್ಕೆ ಒಂದು ಗ್ರೀಕ್ ಅಕ್ಷರ. ಅದರ ಆಚೆ ಈಚೆ ಕೂತ ಜನರಲ್ಲಿ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ ಎಂದು ಕೇಳುವುದು ‘ರಾಜಕೀಯ ಅರ್ಥಶಾಸ್ತ್ರ’. ಕೆಂಪು ಸಾಲು, ಮೂರನೆಯದು.

ಇನ್ನೂ ಹತ್ತಿರದ್ದು ಬೇಕೆಂದರೆ ಕೋಲಾರ. ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಗಣಿಗಳು. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ಕರೆಂಟು ಎಳೆದದ್ದು ಮನೆಗಳಿಗಲ್ಲ, ಆ ಗಣಿಗಳಿಗೆ. ಕೇನ್ಸ್ ಆ ಪುಸ್ತಕ ಬರೆಯುವ ಹೊತ್ತಿಗೆ ಮೈಸೂರು ಸಂಸ್ಥಾನದ ನೆಲದಿಂದ ಚಿನ್ನ ಬರುತ್ತಿತ್ತು, ಸಂಸ್ಥಾನದ ಜನರ ಜೇಬಿನಲ್ಲಿ ಬೆಳ್ಳಿ ಇತ್ತು, ಎರಡರ ಸಂಬಂಧ ಲಂಡನ್ನಿನಲ್ಲಿ ನಿಗದಿಯಾಗುತ್ತಿತ್ತು. ಕೆಜಿಎಫ್ ಬಗ್ಗೆ ನಮ್ಮವರು ಸಿನಿಮಾ ನೋಡಿದ್ದಾರೆ. ಚಿನ್ನದ ಮಾನಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ, ಆದರೆ ನಮ್ಮ ಯಾವ ಪಠ್ಯದಲ್ಲೂ ನಾನು ಅದನ್ನು ಕಂಡಿಲ್ಲ.

ಕೊನೆಗೆ ಹುಡುಗಿಗೆ ನಾನು ಬರೆದು ಕಳಿಸಿದ್ದು ಇಷ್ಟು. ಕಡ್ಡಾಯಗಳಲ್ಲಿ ಬಿ.ಎ.ಯಲ್ಲಿ ಓದಿದ್ದಕ್ಕೆ ವಿನಾಯಿತಿ ಸಿಗುವುದಿದ್ದರೆ ಮೊದಲ ವಾರವೇ ಕೇಳು, ಆಮೇಲೆ ಕೊಡುವುದಿಲ್ಲ. ಐಚ್ಛಿಕಗಳಲ್ಲಿ ಯಾವುದು ಯಾವ ವರ್ಷ ನಡೆಯುತ್ತದೆ ಎಂದು ಇಲಾಖೆಗೆ ಈಗಲೇ ಇಮೇಲ್ ಮಾಡು, ಕ್ಯಾಟಲಾಗಿನಲ್ಲಿ ಇದ್ದದ್ದೆಲ್ಲ ತರಗತಿಯಲ್ಲಿ ಇರುವುದಿಲ್ಲ. ಅಂತರರಾಷ್ಟ್ರೀಯ ಮ್ಯಾಕ್ರೋ ಮುಗಿಸದೆ ಬಾಂಡುಗಳಿಗೆ ಹೋಗಬೇಡ, ಬಡ್ಡಿ ಎಲ್ಲಿಂದ ಬರುತ್ತದೆ ಎಂದು ತಿಳಿಯದೆ ಬಡ್ಡಿಯ ಬೆಲೆ ಕಟ್ಟಿದಂತಾಗುತ್ತದೆ. ಡೆರಿವೇಟಿವ್ಸ್ ಎರಡು ಮತ್ತು ಪೈಥಾನ್ ತೆಗೆದು ಆ ಜಾಗಕ್ಕೆ ಇತಿಹಾಸ ಮತ್ತು ದೇಶಗಳ ಸಾಲ ಹಾಕು. ಕೊನೆಯ ಸೆಮಿಸ್ಟರಿನಲ್ಲಿ ಪ್ರಬಂಧ ಬರೆಯಲು ಬಿಟ್ಟರೆ, ಲಂಡನ್ನಿನ ರೊಬಸ್ಟಾ ದರ ಒಂದು ಡಾಲರು ಏರಿದಾಗ ಸಕಲೇಶಪುರದ ಬೆಳೆಗಾರನ ಕೈಗೆ ಎಷ್ಟು ಬರುತ್ತದೆ, ಎಷ್ಟು ದಿನದ ಮೇಲೆ ಬರುತ್ತದೆ, ಇಳಿದಾಗ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆ. ದರಗಳನ್ನು ಕಾಫಿ ಬೋರ್ಡು ಪ್ರಕಟಿಸುತ್ತದೆ. ನಿನ್ನ ಎಕನಾಮೆಟ್ರಿಕ್ಸ್ ಎಲ್ಲ ಅಲ್ಲಿ ಬೇಕಾಗುತ್ತದೆ. ಸಂದರ್ಶನದಲ್ಲಿ ಹೇಳಲು ಎಲ್ಲರೂ ಹೇಳುವುದಕ್ಕಿಂತ ಬೇರೆಯದೊಂದು ಇರುತ್ತದೆ. ಲೋನಿನ ವಿಷಯ ಕನ್ಸಲ್ಟೆನ್ಸಿಯವರನ್ನು ಕೇಳಬೇಡ. ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಡಾಲರು ಹತ್ತು ರೂಪಾಯಿ ಏರಿದರೆ ಎರಡೂ ಸಾಲಗಳಲ್ಲಿ ತಿಂಗಳ ಕಂತು ಎಷ್ಟಾಗುತ್ತದೆ, ಅಲ್ಲಿ ಕೆಲಸ ಸಿಕ್ಕಿದರೆ ಎಷ್ಟು, ಸಿಗದಿದ್ದರೆ ಎಷ್ಟು ಎಂದು ಬರೆದು ತೋರಿಸು. ಆಮೇಲೆ ನೀವೇ ತೀರ್ಮಾನ ಮಾಡಿ.

ನಾಲ್ಕು ದಿನ ಸುದ್ದಿಯಿರಲಿಲ್ಲ. ಐದನೇ ದಿನ ಹೊಸ ಶೀಟ್ ಬಂತು. ದೇಶಗಳ ಸಾಲ ಹಸಿರಾಗಿತ್ತು. ಇತಿಹಾಸ ಇನ್ನೂ ಕೆಂಪು. ಡೆರಿವೇಟಿವ್ಸ್ ಎರಡು ಇದ್ದಲ್ಲೇ ಇತ್ತು, ಪೈಥಾನ್ ಹೋಗಿತ್ತು. ಕೆಳಗೆ ಎರಡನೇ ಹಾಳೆಯಲ್ಲಿ ಸಾಲದ ಲೆಕ್ಕ, ನಾಲ್ಕು ಅಂಕಣಗಳಲ್ಲಿ, ಅಚ್ಚುಕಟ್ಟಾಗಿ. ಅದರ ಜೊತೆ ಒಂದು ಪ್ರಶ್ನೆ: "ಸರ್, 2008ರಲ್ಲಿ ನಮ್ಮನೇಲೂ ಮರ ಕಡಿಸಿದ್ರಂತೆ, ಅಪ್ಪ ಈಗ ಹೇಳಿದ್ರು. ಆಗ ಕಾಫಿ ರೇಟು ಯಾಕೆ ಬಿತ್ತು?"

ಇತಿಹಾಸದ ಕೋರ್ಸು ವಾರಕ್ಕೆ ಎರಡು ಸಲ ಇರುತ್ತದೆ, ಕ್ರೆಡಿಟ್ಟಿಗಲ್ಲದಿದ್ದರೆ ಹಿಂದಿನ ಗೋಡೆಗೆ ಒರಗಿಯಾದರೂ ನಿಲ್ಲು ಎಂದು ಬರೆದೆ.